‘ಮಿಸ್ಟೇಕ್’ ತಟ್ಟೆಯ ನಾಣ್ಯಗಳು: ಟಂಕಸಾಲೆಯದು ಯಾವುದು, ಸುತ್ತಿಗೆಯದು ಯಾವುದು

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಓಣಿಯೊಂದರಲ್ಲಿ ಹಳೇ ನಾಣ್ಯ ಮಾರುವ ಚಿಕ್ಕ ಅಂಗಡಿಯಿದೆ. ಮುಂದಿನ ಮೇಜಿನ ಮೇಲೆ ‘ಮಿಸ್ಟೇಕ್ ಕಾಯಿನ್’ ಎಂಬ ಚೀಟಿ ಅಂಟಿಸಿದ ಸ್ಟೀಲ್ ತಟ್ಟೆ. ಅಂಗಡಿಯವರ ದೊಡ್ಡ ಗುಣವೆಂದರೆ ನಾಣ್ಯವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನೋಡಲು, ತೂಗಲು ಬೇಡ ಎನ್ನುವುದಿಲ್ಲ. ದೊಡ್ಡ ದೋಷವೆಂದರೆ ಟಂಕಸಾಲೆಯಲ್ಲೇ ಆದ ತಪ್ಪನ್ನೂ ಆಮೇಲೆ ಯಾರೋ ಜಜ್ಜಿದ ನಾಣ್ಯವನ್ನೂ ಒಂದೇ ತಟ್ಟೆಗೆ ಸುರಿದು, ಎರಡಕ್ಕೂ ಒಂದೇ ದರ ಹೇಳುತ್ತಾರೆ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ ಜೇಬಿನಲ್ಲಿದ್ದರೆ ಹೋಗಿ. ಇಲ್ಲದಿದ್ದರೆ ಈ ತಟ್ಟೆಗೆ ಕೈ ಹಾಕಬೇಡಿ.

ತಟ್ಟೆಯಲ್ಲಿ ಹೆಚ್ಚು ಬೆಲೆ ಹೇಳುವುದು ‘ಲಾಖಿ’ಗೆ: ಒಂದು ಮಗ್ಗುಲಲ್ಲಿ ಸರಿಯಾದ ಚಿತ್ರ, ಇನ್ನೊಂದು ಮಗ್ಗುಲಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಒಳಗೆ ಇಳಿದಿರುತ್ತದೆ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದಾಗ, ಮುಂದೆ ಬಂದ ಬಿಲ್ಲೆಗೆ (ಇನ್ನೂ ಚಿತ್ರ ಬೀಳದ ಬರಿಯ ಲೋಹದ ತುಂಡಿಗೆ) ಅಚ್ಚಿನ ಬದಲು ಆ ನಾಣ್ಯದ ಮುಖವೇ ಒತ್ತುತ್ತದೆ. ಅದರಿಂದ ಆಗುವುದು ಇದು. ಎರಡು ನಾಣ್ಯಗಳನ್ನು ಬೆಂಚ್ ವೈಸಿನಲ್ಲಿ ಬಿಗಿದು ಒತ್ತಿಯೂ ಇಂಥದ್ದನ್ನು ಮಾಡುತ್ತಾರೆ. ಪತ್ತೆ ಮಾಡಲು ಸರಿಯಿರುವ ಮಗ್ಗುಲನ್ನು ನೋಡಿ. ನಿಜವಾದ ಲಾಖಿಯಲ್ಲಿ ಆ ಕಡೆ ಚಿತ್ರ ಪೂರ್ತಿ ಮೂಡಿ, ಉಬ್ಬು ಉಬ್ಬಾಗಿಯೇ ಇರುತ್ತದೆ. ವೈಸಿನದರಲ್ಲಿ ಆ ಉಬ್ಬುಗಳ ತುದಿ ಚಪ್ಪಟೆಯಾಗಿ ಹೊಳೆಯುತ್ತದೆ. ಒಳಗಿಳಿದ ಅಕ್ಷರದ ಅಡಿಯಲ್ಲಿ ನಾಣ್ಯದ ಸ್ವಂತ ಅಕ್ಷರದ ಉಳಿಕೆ ಕಂಡರಂತೂ ಅನುಮಾನವೇ ಬೇಡ, ಕೆಳಗಿಡಿ.

ಅಂಚು ಕಚ್ಚಿದಂತಿರುವ ನಾಣ್ಯಗಳಲ್ಲಿ ಒಳ್ಳೆಯವು ಇಲ್ಲಿ ಸಿಗುತ್ತವೆ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಂಚು ಮೊದಲೇ ಬಿದ್ದ ತೂತಿನ ಮೇಲೆ ಬಿದ್ದರೆ ಅರ್ಧಚಂದ್ರದ ಕಚ್ಚು ಬರುತ್ತದೆ. ಅಲ್ಲಿನ ಅಕ್ಷರಗಳು ಕಚ್ಚಿನ ಕಡೆಗೆ ಜಾರಿದಂತೆ ಸವೆದು ಹಿಗ್ಗಿರುತ್ತವೆ. ಕಚ್ಚಿಗೆ ನೇರ ಎದುರಿನ ಅಂಚು ಸಾಮಾನ್ಯವಾಗಿ ಮೊಂಡಾಗಿರುತ್ತದೆ. ಅರದಲ್ಲಿ ಉಜ್ಜಿದ್ದಾದರೆ ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ, ಅಕ್ಷರ ಚಾಕುವಿನಲ್ಲಿ ಕೊಯ್ದಂತೆ ನಿಂತುಹೋಗಿರುತ್ತದೆ, ಕೊಯ್ದ ಕಡೆ ಗೀರುಗಳೂ ಇರುತ್ತವೆ.

ಎರಡೂ ಕಡೆ ಸಿಂಹ ಲಾಂಛನವಿರುವ ರೂಪಾಯಿಯನ್ನು ಬಿಟ್ಟುಬಿಡಿ. ಹೆಚ್ಚಿನ ಸಲ ಒಂದು ನಾಣ್ಯವನ್ನು ಒಳಗಿನಿಂದ ಕೊರೆದು, ಇನ್ನೊಂದನ್ನು ತೆಳ್ಳಗೆ ಮಾಡಿ ಅದರೊಳಗೆ ಕೂರಿಸಿದ್ದು ಅದು. ಅಂಚಿನ ಒಳಬದಿಯಲ್ಲಿ ಭೂತಗನ್ನಡಿ ಹಿಡಿದರೆ ಕೂದಲಿನಷ್ಟು ಸಂದು ಸುತ್ತಲೂ ಕಾಣುತ್ತದೆ, ಕಲ್ಲಿನ ಮೇಲೆ ಬಿಟ್ಟರೆ ಸದ್ದು ಮಂಕು. ನಡುಬಿಲ್ಲೆ ತಿರುಗಿದ 10 ರೂಪಾಯಿಯೂ ಹಾಗೆಯೇ: ನಡುಬಿಲ್ಲೆಯನ್ನೂ ಹೊರಬಳೆಯನ್ನೂ ಕೂಡಿಸಿದ ಮೇಲೇ ಅಚ್ಚು ಬೀಳುವುದರಿಂದ ಎರಡರ ಚಿತ್ರ ಒಂದೇ ನೇರದಲ್ಲಿರಲೇಬೇಕು. ಅಕ್ಷರ ಒಂದು ಕಡೆ, ಸಿಂಹ ವಾರೆಯಾಗಿ ಇನ್ನೊಂದು ಕಡೆ ಇದ್ದರೆ ಯಾರೋ ಬಡಿದು ಬೀಳಿಸಿ ಮತ್ತೆ ಕೂರಿಸಿದ್ದಾರೆ.

ತಕ್ಕಡಿ ಕೆಲಸಕ್ಕೆ ಬರುವುದು ‘ತೆಳು ನಾಣ್ಯ’ಗಳಲ್ಲಿ. 1992ರಿಂದ ಬಂದ 25 ಮಿ.ಮೀ. ಸ್ಟೀಲ್ ಒಂದು ರೂಪಾಯಿ 4.85 ಗ್ರಾಂ, ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ. ಆಸಿಡ್ಡಿನಲ್ಲಿ ಅದ್ದಿದ ನಾಣ್ಯ ತೂಕ ಕಳೆದುಕೊಂಡಿರುವುದಷ್ಟೇ ಅಲ್ಲ, ಅಕ್ಷರ, ಅಂಚು ಎಲ್ಲವೂ ಒಂದೇ ಸಮ ಕರಗಿ ಮೈ ತರಿತರಿಯಾಗಿರುತ್ತದೆ. ಬಿಲ್ಲೆಯೇ ತೆಳುವಾಗಿದ್ದರೆ ಮೈ ನುಣುಪು, ಚಿತ್ರ ಮಾತ್ರ ಮಂದ. ಗೆರೆಗಳ ವಿಷಯ ಸುಲಭ: ಅಚ್ಚು ಸೀಳಿದ್ದರೆ ಗೆರೆ ಉಬ್ಬಿರುತ್ತದೆ, ಗೀರಾದರೆ ತಗ್ಗಿರುತ್ತದೆ.

ಇಷ್ಟೆಲ್ಲ ಯಂತ್ರದ ನಾಣ್ಯಗಳ ಮಾತು. ಇದೇ ಕಣ್ಣಿನಿಂದ ಶ್ರೀರಂಗಪಟ್ಟಣದ ಆನೆ ಕಾಸು ನೋಡಿದರೆ ಮೋಸ ಹೋಗುತ್ತೀರಿ, ಅಂಗಡಿಯವರು ಎಡವುವುದೂ ಇಲ್ಲೇ. ಸೊಂಡಿಲು ಅಂಚಿನಾಚೆ ಹೋದ ಟಿಪ್ಪು ಕಾಲದ ತಾಮ್ರದ ನಾಣ್ಯಕ್ಕೆ ‘ಆಫ್ ಸೆಂಟರ್ ಎರರ್’ ಎಂದು ಚೀಟಿ ಬರೆದು ದರ ಏರಿಸಿದ್ದಾರೆ. ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೆದ ನಾಣ್ಯವದು. ಬಿಲ್ಲೆಯನ್ನು ಹಿಡಿದು ನಿಲ್ಲಿಸುವ ಬಳೆಯೇ ಇರಲಿಲ್ಲ, ಅಚ್ಚು ಅತ್ತಿತ್ತ ಸರಿಯುವುದು ಆ ಕಾಲದ ವಾಡಿಕೆ. ಅಂಥದ್ದರಲ್ಲಿ ಆನೆ, ವರ್ಷ, ಟಂಕಸಾಲೆಯ ಹೆಸರು ಮೂರೂ ಪೂರ್ತಿ ಬಿದ್ದದ್ದೇ ಅಪರೂಪ, ದುಡ್ಡು ಕೊಡಬೇಕಾದ್ದು ಅದಕ್ಕೆ. ಇನ್ನೊಂದು ಚೀಟಿ ‘ಉಲ್ಟಾ ವರ್ಷ’. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ನಾಣ್ಯದ ಮೇಲೆ ಬಲದಿಂದ ಎಡಕ್ಕೆ ಓದಬೇಕು; 1218 ಎಂಬುದು ಎಡದಿಂದ ಓದುವವರಿಗೆ 8121 ಎಂದು ಕಾಣುತ್ತದೆ. ಅದು ಅರಸನ ಆಜ್ಞೆ, ಅಚ್ಚು ಕೊರೆದವನ ತಪ್ಪಲ್ಲ. ಇಂಥ ನಾಣ್ಯವನ್ನು ದೋಷವೆಂದು ಮಾರುವುದು ನಮ್ಮೂರ ಚರಿತ್ರೆಗೆ ಮಾಡುವ ಅನ್ಯಾಯ.

ತಾಮ್ರದವನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಗುಲಾಬಿ ಬಣ್ಣ ಬರಿಸಿಟ್ಟಿರುವುದೂ ಇಲ್ಲಿದೆ. ಶತಮಾನದ ಕಂದು ಪದರ ಒಂದೇ ಉಜ್ಜಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಕೊಳೆಯಿದ್ದರೂ ಉಜ್ಜದ ನಾಣ್ಯವನ್ನೇ ಕೇಳಿ. ಒಳಗಿನ ಡಬ್ಬದಲ್ಲಿ ಇಟ್ಟಿರುತ್ತಾರೆ, ಕೇಳಿದರೆ ತೆಗೆಯುತ್ತಾರೆ. ಚೀಟಿಯ ಮೇಲೆ ತೂಕ ಬರೆದು ಸಹಿ ಹಾಕಿಸಿಕೊಂಡೇ ದುಡ್ಡು ಕೊಡಿ, ಅದಕ್ಕೂ ಅವರು ಒಪ್ಪುತ್ತಾರೆ.