ನಿಜವಾದ ವಿಷ್ಣುಕ್ರಾಂತಿ ಸಿಗುವ ನರ್ಸರಿ

ಕುಮಟಾದಿಂದ ಶಿರಸಿಗೆ ಹೋಗುವಾಗ ಕತಗಾಲ ದಾಟಿ, ದೇವಿಮನೆ ಘಟ್ಟ ಶುರುವಾಗುವ ಮೊದಲು ರಸ್ತೆ ಬದಿಗೆ ಒಂದು ಸಣ್ಣ ನರ್ಸರಿ ಇದೆ. ಬೋರ್ಡಿಲ್ಲ. ಅಡಿಕೆ ಸಸಿ, ಕಾಳುಮೆಣಸು, ದಾಸವಾಳ ಎಲ್ಲ ಕಡೆ ಇದ್ದ ಹಾಗೆ ಇಲ್ಲೂ ಇವೆ. ನಾನು ಹೇಳಹೊರಟಿದ್ದು ಹಿಂಬದಿಯಲ್ಲಿ, ನೆರಳುಬಲೆಯ ಆಚೆ, ಸುಡುಬಿಸಿಲಿಗೆ ಇಟ್ಟಿರುವ ವಿಷ್ಣುಕ್ರಾಂತಿ ಸಸಿಗಳ ವಿಷಯ.

ವಿಷ್ಣುಕ್ರಾಂತಿ ಬೇಕು ಅಂದರೆ ಎಷ್ಟೋ ಕಡೆ ಶಂಖಪುಷ್ಪದ ಬಳ್ಳಿ ಕೊಟ್ಟುಬಿಡುತ್ತಾರೆ. ಅದು ಅವರೆ ಜಾತಿಯದು, ಸಂಬಂಧವೇ ಇಲ್ಲ. ಇಲ್ಲವೇ ದಕ್ಷಿಣ ಅಮೆರಿಕದಿಂದ ಬಂದ ಎವಾಲ್ವುಲಸ್ ಗ್ಲೊಮೆರೇಟಸ್ ಕೊಡುತ್ತಾರೆ, 'ಬ್ಲೂ ಡೇಜ್' ಅಂತ ಮಾರುವ ಗಿಡ. ಇದು ವಿಷ್ಣುಕ್ರಾಂತಿಯ ಕುಲದ್ದೇ, ಚೆಂದವೂ ಹೌದು. ಆದರೆ ನಮ್ಮ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಗಳಲ್ಲಿ ಹುಲ್ಲಿನ ನಡುವೆ ನೆಲಕ್ಕಂಟಿ ಹರಡುವ ನಿಜವಾದ ವಿಷ್ಣುಕ್ರಾಂತಿ, ಅಂದರೆ ಎವಾಲ್ವುಲಸ್ ಆಲ್ಸಿನಾಯ್ಡಿಸ್, ಅದಲ್ಲ.

ನರ್ಸರಿ ನೋಡಿಕೊಳ್ಳುವ ಅಕ್ಕ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಬ್ಲೂ ಡೇಜ್‌ನ ಹೂವು ದೊಡ್ಡದು, ಕೊಂಬೆಯ ತುದಿಯಲ್ಲಿ ಎಲೆಗಳ ಮಧ್ಯೆ ಒತ್ತಾಗಿ ಕೂತಿರುತ್ತದೆ. ವಿಷ್ಣುಕ್ರಾಂತಿಯದು ಸೆಂಟಿಮೀಟರಿಗಿಂತಲೂ ಚಿಕ್ಕದು. ಎಲೆಯ ಕಂಕುಳಿಂದ ಕೂದಲಿನಷ್ಟು ಸಪೂರ ತೊಟ್ಟು ಹೊರಟು ಅದರ ತುದಿಯಲ್ಲಿ ತಿಳಿನೀಲಿ ಹೂವು, ನಡುವೆ ಬಿಳಿ. ಈ ಉದ್ದ ತೊಟ್ಟು ಕಂಡರೆ ಮತ್ತೆ ಅನುಮಾನ ಬೇಡ. ಕಾಂಡದ ಮೇಲೂ ಕಿರಿದಾದ ಎಲೆಗಳ ಮೇಲೂ ರೇಷ್ಮೆಯಂಥ ರೋಮ. ತೋಟದ ಹುಲ್ಲಿನಲ್ಲಿ ಗುಂಡೆಲೆ, ಬಿಳಿ ಹೂವಿನ ಇನ್ನೊಂದು ಬರುತ್ತದಲ್ಲ, ಅದೂ ಇದೇ ಕುಲದ ಕಳೆ. ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತಾ ಹೋಗುತ್ತದೆ. ವಿಷ್ಣುಕ್ರಾಂತಿ ಹಾಗೆ ಬೇರು ಬಿಡುವುದಿಲ್ಲ. ಇಷ್ಟು ತಾಳ್ಮೆಯಿಂದ ಬಿಡಿಸಿ ಹೇಳುವ ಗಿಡದಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಲ್ಲಿಗೇ ಹೋಗಿ ಅನ್ನುವುದಕ್ಕೆ ನನಗೆ ಅದೊಂದೇ ಸಾಕು.

ಸಸಿಗಳೆಲ್ಲ ಬೀಜದಿಂದ ಮಾಡಿದವು, ಗುಡ್ಡದಿಂದ ಕಿತ್ತು ತಂದವಲ್ಲ. ಇದು ನನಗೆ ತುಂಬ ಮುಖ್ಯ. ಗುಡ್ಡದ ಗಿಡದ ಬೇರು ಕಲ್ಲಿನ ಸಂದಿಗೆ ಇಳಿದಿರುತ್ತದೆ, ಎಳೆದರೆ ಹರಿಯುತ್ತದೆ. ಗುಡ್ಡವೂ ಬರಿದು, ಗಿಡವೂ ಇಲ್ಲ. ಬೀಜದ ಸಿಪ್ಪೆ ಗಟ್ಟಿ, ಆದ್ದರಿಂದ ಮರಳುಕಾಗದಕ್ಕೆ ಸ್ವಲ್ಪ ತಿಕ್ಕಿ, ರಾತ್ರಿ ನೆನೆಸಿ ಬಿತ್ತುತ್ತಾರಂತೆ.

"ಗೊಬ್ಬರ ಹಾಕಡ ತಂಗಿ, ನೀರು ನಿಂತ್ರೆ ಬೇರು ಕೊಳೀತು" ಅಂದರು. ಅವರು ಹೇಳಿದಂತೆ ಚಿರೆಕಲ್ಲಿನ ಪುಡಿ ಅರ್ಧ, ಉಳಿದರ್ಧ ಮರಳು ಮತ್ತು ಕೆಂಪುಮಣ್ಣು ಸೇರಿಸಿ, ಅಗಲ ಬಾಯಿಯ ಮಣ್ಣಿನ ಕುಂಡಕ್ಕೆ ಹಾಕಿದ್ದೇನೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಒಣನೆಲದ ಗಿಡ ಹೇಗೆ ಬದುಕುತ್ತದೆ ಎಂದು ಕೇಳುವವರಿದ್ದಾರೆ. ಗುಡ್ಡದಲ್ಲಿ ಮಣ್ಣು ತೆಳು, ಬಿದ್ದ ನೀರು ಆಗಲೇ ಇಳಿದುಹೋಗುತ್ತದೆ. ಕುಂಡದಲ್ಲಿ ಹಾಗಾಗುವುದಿಲ್ಲವಾದ್ದರಿಂದ ಆಷಾಢದ ಜಡಿಮಳೆಗೆ ನಾನು ಅದನ್ನು ಮಾಡಿನ ಕೆಳಗೆ ಸರಿಸುತ್ತೇನೆ, ಮಳೆ ಬಿಟ್ಟ ಮೇಲೆ ಮತ್ತೆ ಅಂಗಳದ ಬಿಸಿಲಿಗೆ. ಅರ್ಧ ದಿನದ ಬಿಸಿಲು ಸಾಲದು; ನೆರಳಾದರೆ ಕಾಂಡ ಉದ್ದವಾಗಿ ಸೊರಗುತ್ತದೆ, ಹೂ ಕಡಿಮೆ.

ಒಂದು ಕೊರತೆ ಹೇಳಲೇಬೇಕು. ಸಸಿಗಳ ಮೇಲೆ ಹೆಸರಿನ ಚೀಟಿ ಇಲ್ಲ, ಅಕ್ಕ ಇಲ್ಲದ ಹೊತ್ತಿನಲ್ಲಿ ಕೆಲಸದ ಹುಡುಗನಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಕೆಲವು ಕೊಟ್ಟೆಗಳ (ಸಸಿಯ ಪ್ಲಾಸ್ಟಿಕ್ ಚೀಲಗಳ) ತಳದಿಂದ ಬೇರು ಹೊರಬಂದಿರುತ್ತದೆ. ಅವನ್ನು ಬಿಟ್ಟು ಎಳೆಯ ಸಸಿ ಆರಿಸಿಕೊಳ್ಳಿ. ಒಂದಕ್ಕೆ 60 ರೂಪಾಯಿ, ಚೌಕಾಸಿ ಮಾಡಬೇಡಿ.

ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಹೂ ನೋಡಿಯೇ ಕೊಳ್ಳಬೇಕೆನ್ನುವವರು ಕುಮಟಾದಿಂದ ಬೆಳಗಿನ ಬಸ್ಸಿಗೇ ಹೊರಡಿ.