ಬೀಜಿಂಗ್‌ನಲ್ಲಿ ತಡೆದ ನನ್ನ ಸ್ಕೂಟರ್

ಮೊದಲೇ ಹೇಳಿಬಿಡುತ್ತೇನೆ, ಗಾಡಿ ಚೆನ್ನಾಗಿದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಂಪನಿ ಹೆಸರು ಬರೆಯುವುದಿಲ್ಲ, ನಾನು ಕಾದದ್ದಕ್ಕೆ ಅವರೊಬ್ಬರೇ ಕಾರಣ ಅಲ್ಲ.

2025ರ ಜುಲೈನಲ್ಲಿ ದಾವಣಗೆರೆಯ ಶೋರೂಮಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ಮುಂದೆ ನಿಲ್ಲಿಸುತ್ತೇವೆ ಅಂದಿದ್ದರು. ಹಬ್ಬ ಮುಗಿಯಿತು. ಗಣಪತಿ ಬಂದು ನೀರಿಗೂ ಹೋದ. ಗಾಡಿ ಮಾತ್ರ ಇಲ್ಲ. ಹೋಗಿ ಕೇಳಿದರೆ ಸೇಲ್ಸ್ ಹುಡುಗ, "ಚೀನಾದಿಂದ ಮ್ಯಾಗ್ನೆಟ್ ಬರ್ತಿಲ್ಲ ಅಣ್ಣ" ಅಂದ. ನನ್ನದು ಗೊಬ್ಬರದಂಗಡಿ. ಅಡಿಕೆ ದರ ಬಿದ್ದಿದೆ ಅಂತ ಉದ್ರಿ ಮುಂದಕ್ಕೆ ತಳ್ಳುವವರನ್ನು ದಿನಾ ನೋಡುತ್ತೇನೆ. ಇದೂ ಅಂಥದ್ದೇ ನೆಪ ಅಂದುಕೊಂಡೆ.

ಮೆಕ್ಯಾನಿಕ್ ಒಳಗೆ ಕರೆದು, ಬಿಚ್ಚಿಟ್ಟಿದ್ದ ಹಬ್ ಮೋಟಾರ್ (ಚಕ್ರದೊಳಗೇ ಕೂರುವ ಮೋಟಾರ್) ತೋರಿಸಿದ. ಒಳಸುತ್ತಿನಲ್ಲಿ ಬೆರಳಗಲದ ಪಟ್ಟಿಗಳು ಸಾಲಾಗಿ ಅಂಟಿದ್ದವು. ಸ್ಕ್ರೂಡ್ರೈವರ್ ಹತ್ತಿರ ಹಿಡಿದೆ. ಕೈಯಿಂದ ಕಿತ್ತುಕೊಂಡು ಠಪ್ ಅಂತ ಕಚ್ಚಿಕೊಂಡಿತು. ಬಿಡಿಸೋಕೆ ಎರಡೂ ಕೈ ಬೇಕಾಯಿತು. ಇಂಥ ಮ್ಯಾಗ್ನೆಟ್ ನಿಯೋಡಿಮಿಯಂ ಅನ್ನುವ ಲೋಹ ಬೆರೆಸಿ ಮಾಡಿದ್ದು. ಬಿಸಿಗೆ ಶಕ್ತಿ ಕಳೆದುಕೊಳ್ಳದಿರಲಿ ಅಂತ ಡಿಸ್ಪ್ರೋಸಿಯಂ ಅನ್ನುವ ಇನ್ನೊಂದು ಲೋಹ ಚೂರು ಸೇರಿಸುತ್ತಾರೆ. ಟ್ರಂಪ್ ಸುಂಕ ಏರಿಸಿದ್ದೇ ತಡ, 2025ರ ಏಪ್ರಿಲ್ 4ರಂದು ಚೀನಾ ಡಿಸ್ಪ್ರೋಸಿಯಂ ಸೇರಿ ಏಳು ಲೋಹಗಳಿಗೆ, ಅವು ಬೆರೆತ ಮ್ಯಾಗ್ನೆಟ್‌ಗಳಿಗೆ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ಜಗಳ ಅವರಿಬ್ಬರದು, ನಿಂತದ್ದು ನನ್ನ ಗಾಡಿ.

ಆಗ ಹೊಳೆಯಿತು. ಅದೇ ಹೊತ್ತಿಗೆ ನನ್ನ ಅಂಗಡಿಯಲ್ಲಿ '19 ಆಲ್' ಕೂಡ ಖಾಲಿ. ಚನ್ನಗಿರಿ ಕಡೆಯ ತೋಟದವರು ಡ್ರಿಪ್‌ನಲ್ಲಿ ಬಿಡುವ, ನೀರಲ್ಲಿ ಕರಗುವ ಗೊಬ್ಬರ ಅದು. ಈ ಥರದ ಗೊಬ್ಬರಕ್ಕೂ ನಾವು ನೆಚ್ಚಿಕೊಂಡಿರುವುದು ಚೀನಾವನ್ನೇ. ನಿಷೇಧ ಅಂತ ಆಗ ಒಂದು ಕಾಗದವೂ ಇರಲಿಲ್ಲ. ಅಲ್ಲಿನ ಅಧಿಕಾರಿಗಳು ನಮಗೆ ಬರುವ ಸರಕನ್ನು ತಪಾಸಣೆ ಮಾಡದೆ ಸುಮ್ನೆ ಕೂತಿದ್ದಾರೆ ಅಂತ ಆಮದುದಾರರು ಗೋಳಾಡಿದರು. 2010ರಲ್ಲಿ ಚೀನಾ, ಜಪಾನ್ ನಡುವೆ ದ್ವೀಪದ ಜಗಳ ಬಂದಾಗ ಜಪಾನಿಗೆ ಹೋಗುವ ಇಂಥ ಲೋಹಗಳೂ ಹೀಗೇ ಬಂದರಿನಲ್ಲಿ ಕೂತಿದ್ದವು.

ದೆಹಲಿಯೂ ಹೆಜ್ಜೆ ಬದಲಿಸಿತು. 2020ರಲ್ಲಿ ಗಡಿಯ ಗಲ್ವಾನ್‌ನಲ್ಲಿ ಚೀನೀ ಸೈನಿಕರ ಜೊತೆಗಿನ ಹೊಡೆದಾಟದಲ್ಲಿ ನಮ್ಮ 20 ಯೋಧರು ಪ್ರಾಣ ಬಿಟ್ಟರು. 59 ಚೀನೀ ಆ್ಯಪ್ ಬಂದ್ ಆದವು. 2025ರ ಆಗಸ್ಟ್‌ನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದರು. ತಿಂಗಳ ಕೊನೆಗೆ ನಮ್ಮ ಸರಕಿನ ಮೇಲೆ ಅಮೆರಿಕದ ಸುಂಕ 50% ಮುಟ್ಟಿತು. ಅದೇ ವಾರ ಮೋದಿ ತಿಯಾನ್‌ಜಿನ್‌ಗೆ ಹೋದರು, ಚೀನಾಕ್ಕೆ ಏಳು ವರ್ಷದ ಮೇಲೆ. ಅಂಗಡಿ ಕಟ್ಟೆಯಲ್ಲಿ ಕೂತವರು ಬೈದರು. ನನಗೇನೂ ತಪ್ಪು ಅನಿಸಲಿಲ್ಲ. ಒಬ್ಬ ಡೀಲರ್ ಜೊತೆ ನಾನೂ ಮಾತು ಬಿಟ್ಟಿದ್ದೆ. ಯೂರಿಯಾ ಅವನ ಹತ್ತಿರ ಮಾತ್ರ ಇದೆ ಅಂತಾದಾಗ ಹೋಗಿ ಟೀ ಕುಡಿದು ಬಂದೆ. ಹಳೇ ಲೆಕ್ಕ ಮರೆತಿಲ್ಲ, ಅದು ಬೇರೆ.

ಗಾಡಿ ಸೆಪ್ಟೆಂಬರ್‌ನಲ್ಲಿ ಬಂತು. ಹರಿಹರಕ್ಕೆ ಹೋಗಿ ಬಂದರೆ ಚಾರ್ಜ್ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಪಿಕಪ್ ಜೋರು. ಸೀಟು ಗಟ್ಟಿ, ಹಂಪ್ ಬಂದರೆ ಸೊಂಟಕ್ಕೇ ಗೊತ್ತು. ಶೋರೂಮಿನವರು ನಾನು ಹೋಗಿ ಕೇಳುವವರೆಗೂ ಒಂದು ಫೋನ್ ಮಾಡಲಿಲ್ಲ, ಒಂದು ಅಂಕ ಅದಕ್ಕೇ ಕಟ್. ಕಾಲಿಡುವ ಜಾಗದಲ್ಲಿ 25 ಕೆ.ಜಿ.ಯ ಗೊಬ್ಬರದ ಚೀಲ ಸರಿಯಾಗಿ ಕೂರುತ್ತದೆ. ಕಾಲು ಎಲ್ಲಿಡಬೇಕು ಅನ್ನೋದು ಇನ್ನೂ ಬಗೆಹರಿದಿಲ್ಲ.