ಸೊರಗು ರೋಗದ ನೀರಿಗೆ ಪ್ಲಾಸ್ಮಾ, ಯುವಿ, ಬ್ಲೀಚಿಂಗ್: ಮೂರನ್ನೂ ಹಾಕಿ ನೋಡಿದೆ

ಟೊಮೇಟೊ ಗಿಡ ಹಸಿರಾಗಿದ್ದ ಹಾಗೇ ಜೋತುಬಿದ್ದರೆ ಕಾಂಡ ಕತ್ತರಿಸಿ ನೋಡಬೇಕು. ತುಂಡನ್ನು ಗಾಜಿನ ಲೋಟದ ನೀರಿಗೆ ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಕೆಳಗಿಳಿಯುತ್ತದೆ. ಅದೇ ರಾಲ್ಸ್ಟೋನಿಯಾ, ದುಂಡಾಣು ಸೊರಗು ರೋಗ ತರುವ ಬ್ಯಾಕ್ಟೀರಿಯಾ. ಇದಕ್ಕೆ ನೀರು ಅಂದರೆ ತವರುಮನೆ. ಲ್ಯಾಬ್‌ಗಳಲ್ಲಿ ಇದನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದೇ ಬರೀ ಶುದ್ಧ ನೀರಿನಲ್ಲಿ, ಫ್ರಿಜ್ ಕೂಡ ಬೇಕಿಲ್ಲ. ಹಾಗಾಗಿ ಮಣ್ಣಿಲ್ಲದೆ, ಒಂದೇ ಗೊಬ್ಬರದ ನೀರನ್ನು ಸುತ್ತಿಸಿ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್‌ನಲ್ಲಿ ಒಂದು ಗಿಡಕ್ಕೆ ಬಂದರೆ ಇಡೀ ಸಾಲಿಗೆ ಬಂದ ಹಾಗೆ.

ಬಾಡಿದ ಗಿಡದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಡಿಸ್ಟಿಲ್ಡ್ ನೀರು, ಕೋಲಾರ ಕಡೆಯ ಬೋರ್‌ವೆಲ್ ನೀರು, ಗೊಬ್ಬರ ಕರಗಿಸಿದ ನೀರು ಮೂರಕ್ಕೂ ಬೆರೆಸಿದೆ. ಎಷ್ಟು ಬದುಕಿದೆ ಅಂತ ಲೆಕ್ಕ ನೋಡಿದ್ದು ಟೆಟ್ರಾಜೋಲಿಯಂ ಎಂಬ ಬಣ್ಣ ಬರಿಸುವ ರಾಸಾಯನಿಕ ಹಾಕಿದ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ. ರೋಗ ತರುವ ತಾಕತ್ತಿರುವ ಬ್ಯಾಕ್ಟೀರಿಯಾ ಅಲ್ಲಿ ಬಿಳಿಯಾಗಿ, ಲೋಳೆಯಾಗಿ, ನಡುವೆ ಗುಲಾಬಿ ಬಣ್ಣ ಇಟ್ಟುಕೊಂಡು ಬೆಳೆಯುತ್ತದೆ.

ಮೊದಲು ಪ್ಲಾಸ್ಮಾ, ಅಂದರೆ ಕರೆಂಟಿನ ಹೊಡೆತಕ್ಕೆ ಒಡೆದು ವಿದ್ಯುತ್ ಹರಿಸುವ ಗಾಳಿ. ಟೇಬಲ್ ಮೇಲೆ ಕೂರುವ ಸಣ್ಣ ಘಟಕ. ಎರಡು ಎಲೆಕ್ಟ್ರೋಡ್, ನಡುವೆ ಗಾಜಿನ ತಡೆ, ಸಾವಿರಾರು ವೋಲ್ಟ್. ನೇರಳೆ ಬೆಳಕು, ಚರಚರ ಸದ್ದು, ಗಂಟಲು ಕೆರೆಯುವ ಓಝೋನ್ ವಾಸನೆ. ಕಿಟಕಿ ತೆಗೆಯದೆ ಮಾಡಬೇಡಿ. ಗಾಳಿಯ ನೈಟ್ರೋಜನ್, ಆಕ್ಸಿಜನ್ ಒಡೆದು ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್, ನೈಟ್ರೇಟ್ ಆಗುತ್ತವೆ, ನೀರು ಹುಳಿಯಾಗುತ್ತದೆ. ಪೆರಾಕ್ಸೈಡ್, ನೈಟ್ರೈಟ್ ಎರಡೂ ಹುಳಿ ನೀರಿನಲ್ಲಿ ಸೇರಿದಾಗಲೇ ಬ್ಯಾಕ್ಟೀರಿಯಾಕ್ಕೆ ಜೋರು ಏಟು. ‘ಕೆಮಿಕಲ್ ಇಲ್ಲದ ವಿಧಾನ’ ಅಂತ ಮಾರುತ್ತಾರಲ್ಲ, ಸುಮ್ನೆ ಮಾತು. ಕೆಮಿಕಲ್ ಅಲ್ಲೇ ತಯಾರಾಗುತ್ತದೆ, ಅಷ್ಟೇ.

ಡಿಸ್ಟಿಲ್ಡ್ ನೀರಿನಲ್ಲಿ ಪ್ಲೇಟ್ ಪೂರ್ತಿ ಖಾಲಿ. ಅದೇ ಘಟಕ, ಅಷ್ಟೇ ಹೊತ್ತು, ಬೋರ್‌ವೆಲ್ ನೀರಿಗೆ ಹಿಡಿದರೆ ಕಾಲೊನಿಗಳು ಹಾಯಾಗಿ ಬಂದವು. ನೀರಿನ ಹುಳಿ ಅಳೆಯುವ ಪಿಎಚ್ ಮೀಟರ್ ಅಲುಗಾಡಿರಲೇ ಇಲ್ಲ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಹುಟ್ಟಿದ ಹುಳಿಯನ್ನೆಲ್ಲ ನುಂಗಿಹಾಕುತ್ತದೆ. ನೈಟ್ರಿಕ್ ಆಸಿಡ್ ಹಾಕಿ ಪಿಎಚ್ ಆರಕ್ಕಿಳಿಸಿಕೊಂಡು ಮತ್ತೆ ಹಿಡಿದಾಗ ಕೆಲಸ ಆಯಿತು. ಗೊಬ್ಬರದ ನೀರು ಇವೆರಡರ ನಡುವೆ ನಿಂತಿತು. ಪ್ಲಾಸ್ಮಾ ಮಾರಲು ಬಂದವರನ್ನು ಮೊದಲು ಕೇಳಬೇಕಾದ್ದು ಇದೇ: ಯಾವ ನೀರಿನಲ್ಲಿ ಪರೀಕ್ಷೆ ಮಾಡಿದ್ದೀರಿ?

ಯುವಿ (ಅತಿನೇರಳೆ ಬೆಳಕಿನ) ಲ್ಯಾಂಪ್ ನೀರನ್ನು ಹುಳಿ ಮಾಡುವ ಗೋಜಿಗೇ ಹೋಗುವುದಿಲ್ಲ. 254 ನ್ಯಾನೋಮೀಟರ್ ಬೆಳಕು ಬ್ಯಾಕ್ಟೀರಿಯಾದ ಡಿಎನ್‌ಎ ಕೆಡಿಸುತ್ತದೆ. ತಿಳಿಯಾದ ಬೋರ್‌ವೆಲ್ ನೀರಿಗೆ ಇದರಷ್ಟು ಸಲೀಸು ಇನ್ನೊಂದಿಲ್ಲ. ಆದರೆ ಕೊಕೊಪೀಟ್‌ನಿಂದ ಇಳಿದು ಬಂದ ಚಹಾ ಬಣ್ಣದ ನೀರಿನಲ್ಲಿ ಬೆಳಕು ಒಳಗೇ ಹೋಗುವುದಿಲ್ಲ. ಜೊತೆಗೆ ಗೊಬ್ಬರದಲ್ಲಿನ ಕಬ್ಬಿಣದ ಕೀಲೇಟ್ (ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆ ಹಿಡಿದಿಡುವ ರೂಪ) ಬೆಳಕಿಗೆ ಒಡೆದುಹೋಗಿ ಗಿಡದ ಎಳೆ ಎಲೆ ಹಳದಿಯಾಗುತ್ತದೆ. ಲ್ಯಾಂಪಿನ ಕ್ವಾರ್ಟ್ಜ್ ಕೊಳವೆಗೆ ಗಡಸು ನೀರಿನ ಬಿಳಿ ಪದರ ಕಟ್ಟಿಕೊಳ್ಳುತ್ತದೆ. ತೆಳು ಆಸಿಡ್‌ನಲ್ಲಿ ಒರೆಸುತ್ತಿರಬೇಕು, ಇಲ್ಲದಿದ್ದರೆ ಕರೆಂಟ್ ಬಿಲ್ ಮಾತ್ರ ಬರುತ್ತದೆ.

ಬ್ಲೀಚಿಂಗ್ ಪೌಡರ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಚೀಲ ಬಿಚ್ಚಿಟ್ಟರೆ ಸತ್ವ ಹೋಗುತ್ತದೆ. ಪಿಎಚ್ ಏಳೂವರೆ ದಾಟಿದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ ಮಂದವಾದ ರೂಪಕ್ಕೆ ತಿರುಗುತ್ತದೆ. ಅಮೋನಿಯಂ ಇರುವ ಗೊಬ್ಬರದ ನೀರಿಗೆ ಹಾಕಿದರೆ ಕ್ಲೋರಮೈನ್ ಆಗಿ ಬೇರು ಕಂದು ತಿರುಗುತ್ತದೆ. ಖಾಲಿ ಟ್ಯಾಂಕು, ಪೈಪು ತೊಳೆಯಲು ಮಾತ್ರ ನಾನು ಇದನ್ನು ಇಟ್ಟುಕೊಂಡಿದ್ದೇನೆ. ಆ ಕೆಲಸಕ್ಕೆ ಯುವಿ ಬರುವುದಿಲ್ಲ, ಪೈಪಿನ ಒಳಗೋಡೆಯ ಪಾಚಿಲೋಳೆಯವರೆಗೆ ಅದರ ಬೆಳಕು ತಲುಪುವುದಿಲ್ಲ.

ಪ್ಲೇಟ್ ಖಾಲಿ ಇದ್ದರೆ ಸತ್ತಿತು ಅಂತ ಅಲ್ಲ. ಕಷ್ಟ ಬಂದಾಗ ರಾಲ್ಸ್ಟೋನಿಯಾ ಜೀವ ಇಟ್ಟುಕೊಂಡೇ ಪ್ಲೇಟಿನಲ್ಲಿ ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ. ಅದಕ್ಕೇ ಸಂಸ್ಕರಿಸಿದ ನೀರನ್ನು ಬೇರು ಸ್ವಲ್ಪ ಗಾಯ ಮಾಡಿದ ಟೊಮೇಟೊ ಸಸಿಗಳಿಗೂ ಹಾಕಿದೆ. ಪ್ಲಾಸ್ಮಾ ಸ್ವಲ್ಪವೇ ಹೊತ್ತು ಹಿಡಿದ ಒಂದು ನೀರಿನ ಪ್ಲೇಟ್ ಖಾಲಿ ಇತ್ತು, ಸಸಿ ಮಾತ್ರ ಬಾಡಿತು. ಹೆಚ್ಚು ಹೊತ್ತು ಹಿಡಿದದ್ದರಲ್ಲಿ ಸಸಿ ನೆಟ್ಟಗೆ ನಿಂತಿತು. ಪ್ಲೇಟ್ ಫೋಟೊ ಒಂದನ್ನೇ ತೋರಿಸುವವರನ್ನು ನಾನೀಗ ನಂಬುವುದಿಲ್ಲ.

ದೊಡ್ಡ ಟ್ಯಾಂಕಿಗೆ ನನ್ನ ಓಟು ಫಿಲ್ಟರ್ ಜೊತೆಗಿನ ಯುವಿಗೇ. ಹೊಸ ನೀರು ಒಳಬರುವ ದಾರಿಯಲ್ಲಿ, ಗೊಬ್ಬರ ಬೆರೆಸುವ ಮೊದಲು. ಈ ಗಾತ್ರದ ಪ್ಲಾಸ್ಮಾ ಘಟಕ ಲೀಟರ್ ಲೆಕ್ಕದ ನೀರಿಗೆ ಸರಿ: ಬೀಜ ನೆನೆಸಲು, ಕಸಿ ಕಟ್ಟುವ ಬ್ಲೇಡ್ ಅದ್ದಲು. ಸಸಿಗೆ ಹಾಕುವುದಾದರೆ ನೈಟ್ರೈಟ್ ಸ್ಟ್ರಿಪ್ ಅದ್ದಿ ನೋಡಿ, ಜಾಸ್ತಿಯಿದ್ದರೆ ಬೇರಿಗೆ ಆಗುವುದಿಲ್ಲ. ನೈಟ್ರೇಟ್ ಹೇಗೂ ಗೊಬ್ಬರವೇ, ಅದು ಲಾಭ. ಪಾಲಿಹೌಸ್ ಚಾವಣಿಯ ಮಳೆನೀರು ಹಿಡಿಯುವವರಿಗೆ ಲೆಕ್ಕ ಬೇರೆ. ಆ ನೀರಿನಲ್ಲಿ ಬೈಕಾರ್ಬೊನೇಟ್ ಇಲ್ಲದಷ್ಟು ಕಡಿಮೆ. ಪ್ಲಾಸ್ಮಾ ಹಿಡಿದು ನೋಡಿದಾಗ ಡಿಸ್ಟಿಲ್ಡ್ ನೀರಿನ ಹಾಗೇ ಪಿಎಚ್ ಸರ್ರನೆ ಇಳಿಯಿತು, ಆಸಿಡ್ ಹಾಕುವ ಕೆಲಸವೇ ಬೀಳಲಿಲ್ಲ.